ಕರಡು ಪ್ರತಿ

ವಿಷಯ: ನಮ್ಮ ಶಾಲೆಯನ್ನು ಮುಚ್ಚಬಾರದೆಂಬ ಬಗ್ಗೆ.
ಇಷ್ಟು ಬರೆದು ಪೆನ್ನು ನಿಲ್ಲಿಸಿದೆ.
"ಅಷ್ಟೇನಾ ಅಕ್ಕೋರೇ?" ಎಂದಳು ಚಂದ್ರಭಾಗಾ ತಾಂಡೇಲ,
ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷೆ,
ಬಂಗಡೆ ಮಾರಿ ಬಂದ ಬುಟ್ಟಿಯನ್ನು
ಹೊರಗೆ ನಲ್ಲಿಯ ಬುಡಕ್ಕೆ ಕವುಚಿಟ್ಟು.
"ಮುಚ್ಚಬೇಡಿ ಅಂದರೆ ಸಾಕಾ?
ಬಾಗಿಲು ತೆರೆದಿಟ್ಟೇ ಉಪವಾಸ ಕೆಡವುತ್ತಾರಲ್ಲ,
ಅದಕ್ಕೇನಂತಾರೆ, ಅದನ್ನೂ ಬರೀರಿ."

ಅದಕ್ಕೆ ಸರ್ಕಾರಿ ಕನ್ನಡದಲ್ಲಿ ಪದವಿಲ್ಲ.
ಅನುದಾನದ ಕೊರತೆ, ಎಂದು ಬರೆದೆ.

ಮಾನ್ಯರೇ,
ನಮ್ಮಲ್ಲಿ ಮಕ್ಕಳು ಹತ್ತೊಂಬತ್ತು.
ಹತ್ತೊಂಬತ್ತಕ್ಕೆ ತಕ್ಕ ಹಣವೇ ಬಂದಿದೆ, ಸುಳ್ಳು ಹೇಳುವುದಿಲ್ಲ.
ಆದರೆ ಮಾಡಿನ ಹಂಚು ತಲೆ ಎಣಿಸಿ ಒಡೆಯುವುದಿಲ್ಲ.
ಕರೆಂಟ್ ಬಿಲ್ಲು ಹಾಜರಿ ಪುಸ್ತಕ ನೋಡಿ ಬರುವುದಿಲ್ಲ.
ಬಾವಿಯ ಪಂಪು ಸುಟ್ಟುಹೋದರೆ
ಹತ್ತೊಂಬತ್ತಕ್ಕೂ ನೂರ ತೊಂಬತ್ತಕ್ಕೂ
ಮೆಕ್ಯಾನಿಕ್ಕು ಕೇಳುವುದು ಒಂದೇ ಕಾಸು.
ಈ ಕೊನೆಯ ಮೂರು ಸಾಲು ಹೊಡೆದುಹಾಕಿದೆ,
ಸಾಹೇಬರಿಗೆ ತಮಾಷೆ ಅನಿಸೀತು.

ಹೆಡ್ ಮಾಸ್ತರು ಮೀಟಿಂಗಿಗೆ ಹೋದ ದಿನ
ಒಂದರಿಂದ ಐದೂ ನನ್ನ ಕೈಗೆ.
ನಾನು ಅತಿಥಿ ಶಿಕ್ಷಕಿ,
ಜೂನಿಗೆ ಬಂದು ಮಾರ್ಚಿಗೆ ಹೊರಡುವ ಅತಿಥಿ.
ಮಳೆಗಾಲದ ಸಂಬಳ ದೀಪಾವಳಿ ಕಳೆದ ಮೇಲೆ.
ಇದನ್ನು ಬರೆಯಲೇ ಇಲ್ಲ. ಅರ್ಜಿ ನನ್ನದಲ್ಲವಲ್ಲ.

"ಬರೀರಿ, ಈ ಶಾಲೆಗೆ ಮೊದಲೊಂದು ಊರಿತ್ತು,
ಊರಿಗೊಂದು ಸಮುದ್ರ ಇತ್ತು.
ನೌಕಾನೆಲೆಗೆ ಜಾಗ ಬಿಟ್ಟು ಬರುವಾಗ
ಲಾರಿ ತುಂಬ ಪಾತ್ರೆ, ಬಲೆ, ಕಿತ್ತ ಬಾಗಿಲುಗಳು.
ಎಲ್ಲದರ ಮೇಲೆ ನಮ್ಮಪ್ಪ ಕೂತಿದ್ದ,
ಮಡಿಲಲ್ಲಿ ಶಾಲೆಯ ಗಂಟೆ ಹಿಡಿದು.
ಗಂಟೆ ಅಂದರೆ ಗಂಟೆಯಲ್ಲ, ರೈಲು ಹಳಿಯ ತುಂಡು.
ಲಂಟಾನದ ಪೊದೆಯ ನಡುವೆ ಅದನ್ನು ತೂಗುಹಾಕಿ ಬಾರಿಸಿದ.
ಆಮೇಲೆ ಕಟ್ಟಿದ್ದು ಮನೆಗಳನ್ನ."

ದಿನಾಂಕ ಕೇಳಿದೆ. ಅವಳಿಗೆ ನೆನಪಿಲ್ಲ.
"ಸೋಮವಾರ. ಮೀನಿರಲಿಲ್ಲ."

"ರಂಪಣಿ ಎಳೆದದ್ದು ನೋಡಿದ್ದೀರಾ ನೀವು?"
ನಾನು ಸಿರ್ಸಿ ಕಡೆಯವಳು. ಇಲ್ಲವೆಂದೆ.
"ಹಗ್ಗಕ್ಕೆ ಕೈಹಚ್ಚಿದವರಿಗೆಲ್ಲ ಪಾಲು.
ದೋಣಿಗೊಂದು, ಬಲೆಗೊಂದು,
ಎದೆಮಟ್ಟ ನೀರಲ್ಲಿ ನಿಂತವನಿಗೆ,
ದಂಡೆಯಲ್ಲಿ ಕೂತು ಹಗ್ಗ ಸುತ್ತುವ ಮುದುಕನಿಗೆ.
ನಮ್ಮಜ್ಜಿ ರಂಡೆಮುಂಡೆ ಅನ್ನಿಸಿಕೊಂಡವಳು,
ಎಳೆಯೋದಕ್ಕೆ ತ್ರಾಣವಿಲ್ಲ,
ಹಗ್ಗದ ಬಾಲ ಮುಟ್ಟಿ ನಿಂತಿರುತ್ತಿದ್ದಳು.
ಅವಳ ಸೆರಗಿಗೂ ತಾರ್ಲೆ ಬೀಳುತ್ತಿತ್ತು.
ನಿನ್ನ ಮನೆಯಲ್ಲಿ ಎಷ್ಟು ಜನ, ಹತ್ತಕ್ಕಿಂತ ಕಮ್ಮಿಯಾದರೆ
ಪಕ್ಕದ ಮನೆಗೆ ವಿಲೀನವಾಗು ಅಂತ
ಯಾವ ತಾಂಡೇಲನೂ ಅನ್ನಲಿಲ್ಲ.
ಈಗ ಆ ದಂಡೆಗೆ ಗೋಡೆ ಬಂದಿದೆ.
ಆ ಲೆಕ್ಕ ಮಾತ್ರ ಗೋಡೆಯ ಈಚೆ, ನನ್ನ ಹತ್ತಿರ. ಬರೀರಿ."

ಬರೆದೆ. ಹೊಡೆದೆ. ಮತ್ತೆ ಬರೆದೆ.

ಕಾರವಾರದ ಕಚೇರಿಯಲ್ಲಿ ಗುಮಾಸ್ತ
ಎರಡನೇ ಪುಟಕ್ಕೆ ಬಂದು ನಿಂತ.
"ರಂಪಣಿ? ಇದು ಮೀನುಗಾರಿಕೆ ಇಲಾಖೆಗೆ ಹೋಗಬೇಕಾದ್ದು."
ಚಂದ್ರಭಾಗಾ ನಗಲಿಲ್ಲ. "ನಿಮ್ಮದು ಯಾವ ಊರು?"
"ಬಿಣಗಾ."
"ನಿಮ್ಮ ಮನೇಲಿ ಯಾರೂ ಎಳೆದಿಲ್ಲವಾ?"
ಫ್ಯಾನಿನ ಗಾಳಿಗೆ ಹಾಳೆ ಏಳುತ್ತಿತ್ತು,
ಮೇಲೊಂದು ಕಾಗದದ ಗುಂಡು ಇಟ್ಟ.
"ಅಜ್ಜ," ಎಂದ, ಮೊಹರು ಹುಡುಕುತ್ತ.
ಆವಕ ಸಂಖ್ಯೆ ನಾಲ್ಕುನೂರ ಹನ್ನೆರಡು.
ಉತ್ತರ ಬರುತ್ತದೆ ಎನ್ನಲಿಲ್ಲ. ಬರುವುದಿಲ್ಲ ಎಂದೂ.
ಅವಳು ಆ ಸಂಖ್ಯೆಯನ್ನು ಅಂಗೈ ಮೇಲೆ ಬರೆಸಿಕೊಂಡಳು.

ಬಸ್ ನಿಲ್ದಾಣದೆದುರು ಹಳದಿ ವ್ಯಾನೊಂದು ನಿಧಾನಿಸಿತು.
ಕಿಟಕಿಯಿಂದ ಟೈ ಕಟ್ಟಿದ ಹುಡುಗಿ "ಆಜೀ" ಎಂದು ಕೂಗಿತು.
ಚಂದ್ರಭಾಗಾ ಕೈ ಎತ್ತಿದಳು, ಅರ್ಧದಷ್ಟು.
"ಸೊಸೆಗೆ ಇಂಗ್ಲಿಷ್ ಬೇಕಂತೆ.
ವರ್ಷಕ್ಕೆ ಇಪ್ಪತ್ತೆರಡು ಸಾವಿರ, ನನ್ನ ಬುಟ್ಟಿಯಿಂದಲೇ."
ಆಮೇಲೆ ತುಸು ಹೊತ್ತು ಬಿಟ್ಟು,
"ಇಪ್ಪತ್ತನೆಯವಳು ಅವಳಾಗಬೇಕಿತ್ತು.
ಇದನ್ನೆಲ್ಲೂ ಬರೀಬೇಡಿ ಅಕ್ಕೋರೇ."

ಬಸ್ಸು ಬಂತು. ಹೆಂಗಸರೆಂದು ನಮ್ಮಿಬ್ಬರಿಗೂ ದುಡ್ಡಿಲ್ಲ.
ಕಂಡಕ್ಟರು ಮೂಗು ಮುಚ್ಚಿಕೊಂಡು
ಖಾಲಿ ಬುಟ್ಟಿಗೆ ಹತ್ತು ರೂಪಾಯಿ ಹರಿದ.